ಹದಿನಾಲ್ಕು ಅಡಿ ದೂರದ ಬಸ್ಸು

ನಮ್ಮ ಓಣಿಯನ್ನು ಊರಿಂದ ಆರು ಮೈಲಿ ಆಚೆಗೆ ಸರಿಸಿದವಳು ನಾನು. ಒಂದು ಇಟ್ಟಿಗೆ ಅಲುಗಾಡಲಿಲ್ಲ, ಒಂದು ಪಾತ್ರೆ ಉರುಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೈ ಹಚ್ಚಿದೆ, ಹನ್ನೊಂದರೊಳಗೆ ಸರಿಸಿ ಮುಗಿಸಿ ಕೈ ತೊಳೆದುಕೊಂಡೆ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿದೆ. ಆರು ಮೈಲಿ ಅಂತ ಅಳೆದವರು ಯಾರೂ ಇಲ್ಲ, ನಾನೊಬ್ಬಳೇ ಸರಿಸಿದ್ದೂ ಅಲ್ಲ. ಉಳಿದರ್ಧ ಮಾತ್ರ ನನ್ನ ಕಣ್ಣಾಣೆ ನಿಜ.

ಇಷ್ಟಕ್ಕೆಲ್ಲ ಕಾರಣ ಐದೇ ಐದು ನಿಮಿಷ.

ನನ್ನ ಪಕ್ಕದ ಮನೆಯವನು ನಗರಸಭೆಯ ನಕ್ಷೆ ಆಫೀಸಿನಲ್ಲಿ ಅಳತೆ ಗುಮಾಸ್ತ. ಜೇಬಿನಲ್ಲಿ ಯಾವಾಗಲೂ ಅಳತೆ ಟೇಪು ಇರುತ್ತದೆ, ಅದಕ್ಕೇ ಓಣಿಗೆಲ್ಲ ಅವನು ಟೇಪಣ್ಣ. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನ ಮಾತು ನಂಬದೆ ತನ್ನ ಕಾಲನ್ನು ತಾನೇ ಮೂರು ಸಲ ಅಳೆಯುವ ಆಸಾಮಿ. ಸುಳ್ಳು ಹೇಳಲು ಬಾಯಿ ತೆರೆದರೆ ಬಿಕ್ಕಳಿಕೆ ಬರುತ್ತದೆ. ‘ಇಲ್ಲ’ ಅನ್ನಲು ಬಾಯಿ ತೆರೆದರಂತೂ ಬಾಯಿ ತೆರೆದೇ ಇರುತ್ತದೆ, ಮಾತು ಬರುವುದಿಲ್ಲ.

ಅವನ ಆಫೀಸಿಗೆ ಹೊಸದಾಗಿ ಒಬ್ಬ ಇಂಜಿನಿಯರಮ್ಮ ಬಂದಿದ್ದರು. ಬಂದವರೇ ಗೋಡೆಯ ಮೇಲಿದ್ದ ಹಳೆ ನಕ್ಷೆಯನ್ನು ಇಳಿಸಿ, ದೊಡ್ಡ ಮೇಜಿನ ಮೇಲೆ ಹೊಸ ಊರು ಕಟ್ಟಲು ಕೂತರು. ನಡುವೆ ಗಡಿಯಾರದ ಗೋಪುರ, ಸುತ್ತಲೂ ಬೀದಿಗೊಂದು ಮರದ ತುಂಡು. ಆದರೆ ಅಡಿ ಗಜದ ಲೆಕ್ಕವಿಲ್ಲ. ಒಂದು ಬೀದಿಯಿಂದ ಗೋಪುರಕ್ಕೆ ನಡೆದು ಬರಲು ಎಷ್ಟು ನಿಮಿಷವೋ ಅಷ್ಟು ಬೆರಳು ದೂರಕ್ಕೆ ಆ ಬೀದಿಯ ತುಂಡು.

“ಮನುಷ್ಯರಿಗೆ ದೂರ ಅಂದ್ರೆ ಅಡಿ ಅಲ್ಲಪ್ಪ, ಹೊತ್ತು,” ಅಂದರಂತೆ. “ಕಣ್ಣೆದುರಿಗೆ ಕಾಣೋ ಮನೆಗೆ ಹೋಗೋಕೆ ಅರ್ಧ ಗಂಟೆ ಸುತ್ತಬೇಕಾದ್ರೆ ಅದು ಹತ್ತಿರ ಹೇಗಾಗುತ್ತೆ?”

ಟೇಪಣ್ಣನಿಗೆ ಅರ್ಥವಾಗಲಿಲ್ಲ. ಇಪ್ಪತ್ತು ವರ್ಷ ಅಡಿ ಅಳೆದವನಿಗೆ ಬೆರಳಲ್ಲಿ ನಿಮಿಷ ಅಳೆ ಅಂದರೆ ತಲೆ ಚಿಟ್ಟು ಹಿಡಿಯದೆ ಇನ್ನೇನು? ಒಂದು ಮಾತ್ರ ಚೆನ್ನಾಗಿ ಅರ್ಥವಾಯಿತು: ಮೂವತ್ತು ಬೆರಳಿಗಿಂತ ಆಚೆ ಬೀಳುವ ಬೀದಿಗೆ ಬಸ್ಸು ಬರುತ್ತದೆ. ಒಳಗೆ ಬಿದ್ದವರು ನಡೆದುಕೊಂಡೇ ಇರಬೇಕು.

ಅವನ ಹೆಂಡತಿ ಗೋಪುರದ ಹಿಂದಿನ ಬಟ್ಟೆ ಕಾರ್ಖಾನೆಯಲ್ಲಿ ಕಾಜಾ ಹೊಲಿಯುತ್ತಾಳೆ. ಬಸುರಿ, ಈಗ ಏಳು ತಿಂಗಳು. ಸಂಜೆ ಬಂದು ನನ್ನ ಜಗುಲಿ ಮೇಲೆ ಕೂತರೆ ಕಾಲು ಊದಿ ದಿಂಬಿನಂತಾಗಿರುತ್ತದೆ. ಇನ್ನು ಇಷ್ಟು ದೂರ ನಡೆಯಕೂಡದು ಅಂತ ಡಾಕ್ಟರಮ್ಮ ಗದರಿಸಿ ಕಳಿಸಿದ್ದರು. ಕೆಲಸ ಬಿಡುವ ಹಾಗಿಲ್ಲ, ನಡೆಯುವ ಹಾಗಿಲ್ಲ. ಆ ಹುಡುಗಿಗೆ ಬಸ್ಸು ಬೇಕೇ ಬೇಕಿತ್ತು.

“ನಮ್ಮ ಓಣಿ ಅಳೆಯೋದು ಇವರೇ ಅಂತೆ, ಅಜ್ಜಿ, ನಾಳೆ ಬೆಳಿಗ್ಗೆ. ನಾನು ದಿನಾ ಎಣಿಸ್ಕೊಂಡೇ ಹೋಗ್ತೀನಿ, ಸರಿಯಾಗಿ ಇಪ್ಪತ್ತಾರು ನಿಮಿಷ. ಐದು ನಿಮಿಷ ಸೇರಿಸಿ ಬರ್ಕೊಳ್ರೀ ಅಂದೆ. ಬಿಕ್ಕಳಿಸೋಕೆ ಶುರು ಮಾಡಿದ್ರು.”

“ಬಿಡೇ, ಅವನು ಸುಳ್ಳು ಬರೆಯೋದು ಬೇಡ. ದಾರೀಲಿ ಐದು ನಿಮಿಷ ನಿಲ್ಲಿಸಿದ್ರೆ ಆಯ್ತಲ್ಲ.”

“ಅದೇ ಕೇಳೋಕೆ ಬಂದೆ. ನೀವು ಒಂದೈದು ನಿಮಿಷ ಹಿಡ್ಕೊಳ್ತೀರಾ? ಯಾರಿಗೂ ಹೇಳ್ಬೇಡಿ, ಇವರಿಗೂ.”

“ನನ್ನ ಬಾಯಿಗೆ ಬೀಗ,” ಅಂದೆ. ಅಷ್ಟು ನಂಬಿಕೆಯಿಂದ ನನ್ನೊಬ್ಬಳನ್ನೇ ಕೇಳಿದ್ದಾಳಲ್ಲ ಅಂತ ಎದೆ ತುಂಬಿತು.

ಮಾರನೆ ದಿನ ಬೆಳಿಗ್ಗೆ ಎಂಟಕ್ಕೆ ಟೇಪಣ್ಣ ತನ್ನ ಬಾಗಿಲಲ್ಲಿ ನಿಂತ. ಕೊರಳಲ್ಲಿ ಆಫೀಸಿನ ಸ್ಟಾಪ್‌ವಾಚು, ಕೈಯಲ್ಲಿ ಇಂಜಿನಿಯರಮ್ಮನ ಚೀಟಿ. ಚೀಟಿಯಲ್ಲಿ ಬರೆದದ್ದು ಇಷ್ಟು: ಬೀದಿಯವರು ದಿನಾ ನಡೆಯುವ ಹಾಗೇ ನಡೆಯಬೇಕು. ಓಡಬಾರದು. ಯಾರಾದರೂ ಕರೆದರೆ ಹೋಗಬೇಕು. ಏನೇ ಆದರೂ ಗಡಿಯಾರ ನಿಲ್ಲಿಸಬಾರದು.

ಅವನು ಗುಂಡಿ ಒತ್ತಿದ. ನಾನು ಕೂಗಿದೆ.

“ಮಗಾ, ನನ್ನ ಕನ್ನಡಕ ಕಾಣ್ತಾ ಇಲ್ಲ, ಸ್ವಲ್ಪ ಹುಡುಕಿ ಕೊಡಪ್ಪ.”

ಕನ್ನಡಕ ನನ್ನ ಸೆರಗಿನ ಒಳಗಿತ್ತು. ಪಾಪ, ಅವನು ಮಂಚದ ಕೆಳಗೆ ಹೊಕ್ಕ, ಅಟ್ಟ ಹತ್ತಿದ, ಹಿತ್ತಿಲಿಗೆ ಹೋಗಿ ಕೋಳಿಗೂಡಿಗೆ ಕೈ ಹಾಕಿ ಕುಕ್ಕಿಸಿಕೊಂಡು ಬಂದ. ಗೂಡಿನ ಮೇಲಿದ್ದ ತುಕ್ಕು ಹಿಡಿದ ಬೀಗದ ಕೈ ಹಿಡಿದುಕೊಂಡು, “ಇದು ಯಾವುದಜ್ಜಿ?” ಅಂದ.

“ಹಿತ್ತಿಲ ಗೋಡೆಯ ಬಾಗಿಲಿಂದು. ಎಲ್ಲಿತ್ತೋ ಅಲ್ಲೇ ಇಡು. ಹಿಂದಿನ ಬೀದಿಯವರು ನನ್ನ ಕೋಳಿಗೆ ಕಲ್ಲು ಹೊಡೆದಾಗ ಹಾಕಿದ ಬೀಗ, ಹನ್ನೊಂದು ವರ್ಷ ಆಯ್ತು.”

ನಮ್ಮದು ಮುಂದೆ ದಾರಿಯಿಲ್ಲದ ಓಣಿ. ಕೊನೆಯ ಮನೆ ನನ್ನದು. ನನ್ನ ಹಿತ್ತಿಲ ಗೋಡೆಗೆ ಅಂಟಿಕೊಂಡೇ ಹಿಂದಿನ ಬೀದಿ ಇದೆ. ಆದರೆ ಅಲ್ಲಿಗೆ ಹೋಗಬೇಕಾದರೆ ಓಣಿಯ ಬಾಯಿಗೆ ಬಂದು, ಎಣ್ಣೆ ಗಿರಣಿಯ ಉದ್ದ ಗೋಡೆ ಸುತ್ತಿ, ಇಪ್ಪತ್ತು ನಿಮಿಷ ನಡೆಯಬೇಕು.

ಕನ್ನಡಕ ಸಿಕ್ಕಿತು. ಆಮೇಲೆ ಅವನ ಕೈಲಿ ಸೂಜಿಗೆ ದಾರ ಹಾಕಿಸಿದೆ. ಒಂದು ಸೂಜಿಯಲ್ಲ, ಡಬ್ಬಿಯಲ್ಲಿದ್ದ ಅಷ್ಟನ್ನೂ. ಐದು ನಿಮಿಷ ಅಂದಿದ್ದಳು, ನಾನು ಇಪ್ಪತ್ತೆರಡು ಕೊಟ್ಟೆ. ಕೊಡುವ ಕೈ ಸಣ್ಣದಾಗಬಾರದು ನೋಡಿ.

ನನ್ನ ಮನೆಯಿಂದ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದ, ನಿವೃತ್ತ ಮೇಷ್ಟ್ರು ಅಡ್ಡ ಬಂದರು. ಬೀದಿ ದೀಪಕ್ಕೆ ಅರ್ಜಿ ಬರೆದಿದ್ದರು, ಹನ್ನೊಂದು ಪುಟ.

“ಬಾರಯ್ಯ, ಒಂದೇ ಒಂದು ಸಲ ಓದ್ತೀನಿ, ಭಾಷೆ ಸರಿಯಾಗಿದೆಯಾ ಹೇಳು.”

“ಸರ್, ಇವತ್ತು ಅಳತೆ…”

“ಕರೆದರೆ ಹೋಗಬೇಕು ಅಂತ ನಿನ್ನ ಚೀಟೀಲೇ ಇದೆಯಲ್ಲ. ಕೂತ್ಕೋ.”

ಚೀಟಿಯಲ್ಲಿರುವುದು ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಅಂತ ಟೇಪಣ್ಣ ಯೋಚಿಸಲು ಶುರು ಮಾಡಿದ. ಯೋಚನೆ ಮುಗಿಯುವುದರೊಳಗೆ ಏಳನೇ ಪುಟ ಬಂದಿತ್ತು.

ಅಲ್ಲಿಂದ ಎದ್ದರೆ ಇಸ್ತ್ರಿ ಅಂಗಡಿಯ ಅಕ್ಕ. “ಅಯ್ಯೋ ಟೇಪಣ್ಣ, ಇದೇನು ಅಂಗಿ, ದನ ಅಗಿದು ಉಗಿದ ಹಾಗಿದೆ! ದೊಡ್ಡ ಅಮ್ಮನವರ ಮುಂದೆ ಹೀಗೆ ನಿಲ್ತಾರಾ? ಬಿಚ್ಚು, ಬಿಚ್ಚು.” ಬಿಚ್ಚಿಸಿಕೊಂಡಳು. ಆಮೇಲೆ ನೋಡಿದರೆ ಪೆಟ್ಟಿಗೆಗೆ ಇನ್ನೂ ಕೆಂಡವೇ ಹಾಕಿರಲಿಲ್ಲ. ನಗರಸಭೆಯ ಅಳತೆ ಗುಮಾಸ್ತ ಬನಿಯನ್ನಿನಲ್ಲಿ, ಕೊರಳಿಗೆ ಗಡಿಯಾರ ಕಟ್ಟಿಕೊಂಡು, ನಡುಬೀದಿಯಲ್ಲಿ ಇದ್ದಿಲಿಗೆ ಗಾಳಿ ಬೀಸುತ್ತ ನಿಂತ. ಹೋಗಿ ಬರುವವರೆಲ್ಲ ಅವನ ಎದೆ ನೋಡಿ ಗಂಟೆ ತಿಳಿದುಕೊಂಡು ಹೋದರು.

ಅಂಗಿ ತೊಟ್ಟು ಓಣಿಯ ಬಾಯಿಗೆ ಬಂದರೆ ಕಟಿಂಗ್ ಶಾಪು. ಅಲ್ಲಿಂದ ಎರಡು ಕೈ ಬಂದು ಅವನನ್ನು ಒಳಗೆ ಎಳೆದುಕೊಂಡವು. ಬೇಡ ಅನ್ನುವುದರೊಳಗೆ ಕೆನ್ನೆಗೆ ನೊರೆ ಬಿತ್ತು. ಬಲಗೆನ್ನೆ ಮುಗಿಯಿತು. ಅರ್ಧ ಮೀಸೆಯೂ ಹೋಯಿತು. ಆಗ ಕಟಿಂಗಿನವನು, “ಬ್ಲೇಡು ಮೊಂಡಾಯ್ತು, ಹೊಸದು ತರ್ತೀನಿ, ಅಲ್ಲಾಡಬೇಡ,” ಅಂತ ಹೋದವನು ಚಹಾದಂಗಡಿಯಲ್ಲಿ ಕೂತುಬಿಟ್ಟ. ಟೇಪಣ್ಣ ಅಲ್ಲಾಡದೆ ಕೂತಿದ್ದ. ಮುಕ್ಕಾಲು ಗಂಟೆ! ಕನ್ನಡಿಯಲ್ಲಿ ಎಡಗೆನ್ನೆಯ ನೊರೆ ಒಣಗುವುದನ್ನೇ ನೋಡುತ್ತಿದ್ದನಂತೆ. ಕೊನೆಗೆ ತಾನೇ ಒರೆಸಿಕೊಂಡು ಎದ್ದು ಹೊರಟ.

ಗೋಪುರದ ಕೆಳಗೆ ಗುಂಡಿ ಒತ್ತಿ ನೋಡಿದ. ನೂರ ಎಪ್ಪತ್ತು ನಿಮಿಷ. ವಾಚನ್ನು ಕಿವಿಗಿಟ್ಟು ಕೇಳಿದ. ತಲೆಯೆತ್ತಿ ಗೋಪುರದ ಗಡಿಯಾರ ನೋಡಿದ. ಅದೂ ಅದನ್ನೇ ಹೇಳಿತು.

ಆಫೀಸಿನಲ್ಲಿ ನಡೆದದ್ದು ಅಲ್ಲಿಯ ಜವಾನ ನನಗೆ ಹೇಳಿದ್ದು. ಉಪ್ಪು ಖಾರ ಮಾತ್ರ ನನ್ನದು.

ಇಂಜಿನಿಯರಮ್ಮ ಅವನನ್ನು ಬಲಗಡೆಯಿಂದ ಒಂದು ಸಲ, ಎಡಗಡೆಯಿಂದ ಒಂದು ಸಲ ನೋಡಿದರು. ಎರಡು ಬೇರೆ ಬೇರೆ ಜನ ಇದ್ದ ಹಾಗಿತ್ತು.

“ನೂರ ಎಪ್ಪತ್ತಾ? ನೀವು ಅದೇ ಓಣಿಯವರಲ್ವಾ?”

“ಹೌದು ಮೇಡಂ.”

“ದಿನಾ ಎಷ್ಟು ಹೊತ್ತು ಹಿಡಿಯುತ್ತೆ?”

“ಇಪ್ಪತ್ತಾರು ನಿಮಿಷ ಮೇಡಂ.”

“ಇವತ್ತು ಬೇರೆ ದಾರೀಲಿ ಬಂದ್ರಾ?”

“ಅದೇ ದಾರಿ ಮೇಡಂ.”

“ಹಾಗಾದ್ರೆ ಅಳತೆ ತಪ್ಪು ಅಂತ ಬರೀಲಾ? ಇಪ್ಪತ್ತಾರು ಹಾಕ್ಲಾ?”

ಟೇಪಣ್ಣನ ಕಣ್ಣ ಮುಂದೆ ಹೆಂಡತಿಯ ಊದಿದ ಕಾಲು ಬಂತು. ಇಪ್ಪತ್ತಾರು ಹಾಕಿದರೆ ಬಸ್ಸಿಲ್ಲ. ನೂರ ಎಪ್ಪತ್ತಕ್ಕೆ ಒಂದಲ್ಲ, ಎರಡು ಬಸ್ಸೇ ಕೊಡಬಹುದು. ಅದೂ ಅಲ್ಲದೆ ಅವನು ಗಡಿಯಾರ ನಿಲ್ಲಿಸಿರಲಿಲ್ಲ, ಓಡಿರಲಿಲ್ಲ, ಕರೆದಲ್ಲೆಲ್ಲ ಹೋಗಿದ್ದ. ಚೀಟಿಯ ಒಂದು ಅಕ್ಷರವನ್ನೂ ಮೀರಿರಲಿಲ್ಲ.

“ಅಳತೆ ಸರಿಯಾಗಿದೆ ಮೇಡಂ,” ಅಂದ. ಬಿಕ್ಕಳಿಕೆ ಬರಲಿಲ್ಲ.

ಸರಿ, ನಮ್ಮ ಓಣಿಯ ತುಂಡು ಇಡಲು ಬೆರಳು ಎಣಿಸುತ್ತ ಹೋದರು. ಅರವತ್ತು ಬೆರಳಿಗೆ ಮೇಜು ಮುಗಿಯಿತು. ನೂರ ಇಪ್ಪತ್ತಕ್ಕೆ ಕೋಣೆ ಮುಗಿಯಿತು. ಟೇಪಣ್ಣ ಮೊಣಕಾಲೂರಿಕೊಂಡು ಗಾಳಿಯಲ್ಲೇ ಬೆರಳು ಇಡುತ್ತ ಬಾಗಿಲು ದಾಟಿದ. ನೂರ ಎಪ್ಪತ್ತಕ್ಕೆ ಮೊಗಸಾಲೆಯಲ್ಲಿ ಕುಡಿಯುವ ನೀರಿನ ಪಕ್ಕ ಒಂದು ಸ್ಟೂಲು ಸಿಕ್ಕಿತು. ನನ್ನ ಮನೆ, ನನ್ನ ಕೋಳಿಗೂಡು, ಮೇಷ್ಟ್ರ ಅರ್ಜಿ, ಎಲ್ಲ ಆ ಸ್ಟೂಲಿನ ಮೇಲೆ. ಸ್ವಲ್ಪ ಹೊತ್ತಿಗೆ ಜವಾನ ಅದರ ಮೇಲೆ ತನ್ನ ಚಹಾದ ಲೋಟ ಇಟ್ಟ.

ನಾಲ್ಕು ಗಂಟೆಗೆ ಬಸ್ಸು ಮಂಜೂರು ಮಾಡುವ ಸಮಿತಿಯವರು ಬಂದರು. ಮೇಜು ಸುತ್ತಿ ನೋಡಿ ತಲೆದೂಗಿದರು, ಮೂವತ್ತು ದಾಟಿದ ತುಂಡಿಗೆಲ್ಲ ಕೆಂಪು ಗುಂಡುಸೂಜಿ ಚುಚ್ಚಿದರು. ಹಿಂದಿನ ಬೀದಿಗೆ ಮೂವತ್ತನಾಲ್ಕು ಬಂದಿತ್ತು, ಚುಚ್ಚಿದರು. ಟೇಪಣ್ಣ ಕೈ ಎತ್ತಿದ.

“ಸರ್, ಇನ್ನೊಂದು ಓಣಿ ಇದೆ. ಹೊರಗಡೆ, ಲೋಟದ ಕೆಳಗೆ.”

ಅಧ್ಯಕ್ಷರು ಬಗ್ಗಿ ನೋಡಿದರು. “ಇದು ಮೇಜಿನ ಮೇಲೇ ಇಲ್ಲವಲ್ರೀ. ಅಂದ್ರೆ ಇದು ನಮ್ಮ ಊರಲ್ಲ.”

“ಸರ್, ನಾನು ಬೆಳಿಗ್ಗೆ ಅಲ್ಲಿಂದಲೇ ಬಂದೆ.”

“ಪಾಪ, ಅಷ್ಟು ದೂರದಿಂದ! ನೀರು ಕುಡೀರಿ,” ಅಂದು ಹೋದರು.

ಸಂಜೆ ಅವನು ಓಣಿಗೆ ಕಾಲಿಟ್ಟಾಗ ನಾವೆಲ್ಲ ನನ್ನ ಜಗುಲಿಯಲ್ಲಿ ಕಾದಿದ್ದೆವು. ಅವನು ಬಾಯಿ ಬಿಡುವ ಮೊದಲೇ ಮೇಷ್ಟ್ರು, “ಬಸ್ಸು ಬಂತಲ್ಲ? ನನ್ನ ಅರ್ಜಿ ಕೆಲಸ ಮಾಡ್ತು ನೋಡು,” ಅಂದರು.

“ನಿಮ್ಮ ಅರ್ಜಿನಾ? ನನ್ನ ಇದ್ದಿಲು!” ಅಂದಳು ಇಸ್ತ್ರಿ ಅಕ್ಕ.

“ಅರ್ಧ ಮೀಸೆ ಇಟ್ಟೋನು ನಾನು!” ಅಂದ ಕಟಿಂಗಿನವನು.

ನಾನು ಕನ್ನಡಕದ ವಿಷಯ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿದೆ. ಎಲ್ಲರೂ ತಿರುಗಿ ಆ ಹುಡುಗಿಯನ್ನು ನೋಡಿದೆವು.

“ಒಬ್ಬರಿಗೆ ಹೇಳಿದ್ರೆ ಮರೆತುಬಿಟ್ಟಾರು ಅಂತ,” ಅಂದಳು ಅವಳು, ನೆಲ ನೋಡುತ್ತ, “ನಾಲ್ಕೂ ಕಡೆ ಹೇಳಿಟ್ಟೆ.”

ಟೇಪಣ್ಣ ಒಬ್ಬೊಬ್ಬರ ಮುಖವನ್ನೂ ಹೊಸದಾಗಿ ನೋಡಿದ. ಆಮೇಲೆ ಸ್ಟೂಲಿನ ಕತೆ ಹೇಳಿದ. ಊರಿನ ಹೊರಗೆ ಬಿದ್ದಿದ್ದೇವೆ ಅಂತ ಗೊತ್ತಾದಾಗ ಮೇಷ್ಟ್ರು ಕೂಡ ಅರ್ಜಿ ಮಡಚಿಟ್ಟರು. ಹುಡುಗಿ ಊದಿದ ಕಾಲು ನೀವಿಕೊಳ್ಳುತ್ತ ಅಳಲು ಶುರು ಮಾಡಿದಳು.

ಆಗ ನನ್ನ ಹಿತ್ತಿಲ ಗೋಡೆಯ ಆಚೆ ದಬದಬ ಸದ್ದಾಯಿತು. ಟೇಪಣ್ಣ ಕೋಳಿಗೂಡು ಹತ್ತಿ ಇಣುಕಿದ. ಹಿಂದಿನ ಬೀದಿಯವರಿಗೆ ಮಂಜೂರಾದ ಬಸ್ ಸ್ಟಾಪಿನ ಕಂಬ ನೆಡುತ್ತಿದ್ದರು. ನಗರಸಭೆ ಅದೇ ದಿನ ಕೆಲಸ ಮಾಡಿದ್ದು ಸುಳ್ಳು ಅಂತ ನಿಮಗೆ ಅನ್ನಿಸಬಹುದು. ಇದು ಮಾತ್ರ ಸುಳ್ಳಲ್ಲ. ಟೇಪಣ್ಣನನ್ನು ಅಭ್ಯಾಸ ಬಿಡಲಿಲ್ಲ. ಜೇಬಿನಿಂದ ಟೇಪು ತೆಗೆದು, ತನ್ನ ಅಡಿಗೆಮನೆಯ ಗೋಡೆಯಿಂದ ನನ್ನ ಹಿತ್ತಿಲ ಮೇಲೆ ಹಾಯಿಸಿ ಕಂಬದವರೆಗೆ ಅಳೆದ.

“ಹದಿನಾಲ್ಕು ಅಡಿ,” ಅಂದ. “ಗಿರಣಿ ಸುತ್ತಿ ಹೋದ್ರೆ ಇಪ್ಪತ್ತು ನಿಮಿಷ. ಬಸ್ಸು ಹತ್ತೋಕೆ ಇಪ್ಪತ್ತು ನಿಮಿಷ ನಡೆಯೋದಾದ್ರೆ, ಅದಕ್ಕಿಂತ ಇನ್ನಾರು ನಿಮಿಷ ಹೆಚ್ಚು ನಡೆದ್ರೆ ನೇರ ಗೋಪುರಾನೇ ಬರುತ್ತೆ.” ಹೇಳಿ ಗೂಡಿನ ಮೇಲೇ ಕೂತುಬಿಟ್ಟ.

ಆಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ತುಕ್ಕು ಹಿಡಿದ ಬೀಗದ ಕೈ ನೋಡಿದೆ. ಹನ್ನೊಂದು ವರ್ಷದ ಕೋಪ, ಒಂದೇ ದಿನದಲ್ಲಿ ಬಿಡುವುದು ಸುಲಭವಲ್ಲ. ಆದರೆ ಆ ಹುಡುಗಿಯ ಕಾಲು ಬಾಗಿಲ ಬೆಳಕಿನಲ್ಲಿ ಕಾಣುತ್ತಿತ್ತು. ಬೀಗಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಿರುಗಿಸಿದೆ. ಬಾಗಿಲು ಕಿರ್ರೆಂದಿತು. ಎದುರಿಗೇ ಕಂಬ.

ಮಾರನೆ ದಿನದಿಂದ ಹುಡುಗಿ ನನ್ನ ನಡುಮನೆ ಹಾದು, ಹಿತ್ತಿಲು ದಾಟಿ, ಅರ್ಧ ನಿಮಿಷದಲ್ಲಿ ಬಸ್ಸಿನಲ್ಲಿ ಕೂತಿರುತ್ತಾಳೆ. ಅವಳನ್ನು ನಾನು ಒಂದು ಕ್ಷಣವೂ ನಿಲ್ಲಿಸುವುದಿಲ್ಲ, ನನಗೂ ಕರುಳಿದೆ. ಮೊದಲು ನನ್ನ ಮನೆಯವರೆಗೆ ಬಂದವರೆಲ್ಲ, ದಾರಿ ಮುಗಿಯಿತು ಅಂತ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಈಗ ಇಡೀ ಓಣಿಗೆ ನನ್ನ ಮನೆಯೇ ಹೆಬ್ಬಾಗಿಲು. ಮೇಷ್ಟ್ರು ಅರ್ಜಿಯ ಕಟ್ಟು ಹಿಡಿದು ನನ್ನ ಹಿತ್ತಿಲಲ್ಲೇ ಕೂರುತ್ತಾರೆ. ಇಸ್ತ್ರಿ ಅಕ್ಕ ನುಗ್ಗೆ ಮರದ ನೆರಳಿಗೆ ಪೆಟ್ಟಿಗೆ ತಂದಿದ್ದಾಳೆ. ಉಳಿದರ್ಧ ಮೀಸೆಯ ನೆನಪಿಗೆ ಕಟಿಂಗಿನವನು ಬಾಗಿಲ ಪಕ್ಕವೇ ಕುರ್ಚಿ ಹಾಕಿದ್ದಾನೆ. ನನ್ನ ಸೂಜಿ ಡಬ್ಬಿಯಂತೂ ಕಿಟಕಿಯಲ್ಲಿ ತಯಾರಾಗಿರುತ್ತದೆ.

ಎಂಟೂವರೆಗೆ ಆಫೀಸಿನ ಕಡೆಯ ಬಸ್ಸು. ಟೇಪಣ್ಣ ದಿನಾ ಎಂಟಕ್ಕೇ ಚೀಲ ಹಿಡಿದು ನನ್ನ ಹೊಸ್ತಿಲು ತುಳಿಯುತ್ತಾನೆ. “ಇವತ್ತು ಕರೀಬೇಡಿ ಅಜ್ಜಿ, ಕೈ ಮುಗೀತೀನಿ,” ಅನ್ನುತ್ತಾನೆ. “ಇಲ್ಲಪ್ಪ, ಯಾರು ಕರೀತಾರೆ? ಈ ಒಂದು ಸೂಜಿ ನೋಡು,” ಅನ್ನುತ್ತೇನೆ. ‘ಇಲ್ಲ’ ಅನ್ನಲು ಅವನು ಬಾಯಿ ತೆರೆಯುತ್ತಾನೆ.

ಬಾಗಿಲು ಅಲ್ಲೇ ಕಾಣುತ್ತದೆ. ಕಂಬವೂ ಕಾಣುತ್ತದೆ. ದೂರ ಹದಿನಾಲ್ಕೇ ಅಡಿ, ಟೇಪು ಹಿಡಿದು ಅವನೇ ಅಳೆದದ್ದು. ಅವನ ಕಣ್ಣೆದುರಿಗೇ ಬಸ್ಸು ಬಂದು ನಿಂತು ಹಾರನ್ ಹೊಡೆದು ಹೊರಟುಹೋಗುತ್ತದೆ.

ಈಗ ನೀವೇ ಹೇಳಿ ನೋಡೋಣ, ಅವನು ಇವತ್ತಿಗೂ ಆಫೀಸಿಗೆ ಹೇಗೆ ಹೋಗುತ್ತಾನೆ?