ಬಾವಿ ಆಮೆಯ ಬಿಡುಗಡೆ ಸಮಾರಂಭ

2008ರ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ಸ್ಥಳ: ಬೀಜಾಡಿಯ ನಮ್ಮ ಮನೆಯ ಬಾವಿಕಟ್ಟೆ. ಹಾಜರಿದ್ದವರು: ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು, ನನ್ನ ಹೆಂಡತಿ ಜಲಜ, ಬಾವಿಯೊಳಗೆ ಒಂದು ಆಮೆ.

ನೀರು ಶುದ್ಧವಾಗಿರಲೆಂದು ನಮ್ಮ ಕಡೆ ಬಾವಿಗೆ ಆಮೆ ಬಿಡುವುದುಂಟು. ನಮ್ಮದು ಹನ್ನೆರಡು ವರ್ಷದಿಂದ ಅಲ್ಲೇ ಇತ್ತು. ಅಂದು ಪತ್ರಿಕೆಯಲ್ಲಿ ಓದಿದೆ: ಆಮೆ ಸಾಕುವುದು ಅಪರಾಧ! ಪಕ್ಕದಲ್ಲೇ ಆಮೆಮರಿಗಳನ್ನು ಕಡಲಿಗೆ ಬಿಡುವ ಚಿತ್ರ. ಕೊನೆಯಲ್ಲಿ ‘ಏಳನೇ ಪುಟಕ್ಕೆ’ ಎಂದಿತ್ತು. ಆದರೆ ಆರೂಕಾಲಿಗೆ ಪತ್ರಿಕೆ ಮಡಚುವುದು ನನ್ನ ಮೂವತ್ತು ವರ್ಷದ ಶಿಸ್ತು. ಮಡಚಿದೆ.

“ಜಲಜಾ, ಆಮಿನ ಇವತ್ತ್ ಕಡ್ಲಿಗೆ ಬಿಡುದ್. ಕಾನೂನ್ ಇತ್.”

“ದಿನಾ ಅನ್ನ ಹಾಕುದ್ ನಾನ್. ಅಲ್ಲಿ ಹೋಯಿ ಸತ್ರೆ?”

“ಸಾಯುದಿಲ್ಲೆ. ಪೇಪರಂಗೆ ಫೋಟೋ ಸಮೇತ ಬಂದಿತ್!”

ನಾನು ಬಕೆಟ್ ಇಳಿಸಿದರೆ ಆಮೆ ತಿರುಗಿಯೂ ನೋಡಲಿಲ್ಲ. ಜಲಜ ಬಕೆಟ್ಟಿಗೆ ಹಿಡಿ ಅನ್ನ ಹಾಕಿ “ಬಾ ಮಗಾ” ಎಂದಳು. ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಳೂಕಾಲಿಗೆ ಇಬ್ಬರೂ ಕಡಲತೀರದಲ್ಲಿ. ಸ್ವಾತಂತ್ರ್ಯದ ಬಗ್ಗೆ ಮೂರು ವಾಕ್ಯದ ಭಾಷಣ ಮಾಡಿ ಆಮೆಯನ್ನು ನೀರಂಚಿಗೆ ಬಿಟ್ಟೆ. ಅದು ತಿರುಗಿ ಬಕೆಟ್ ಕಡೆಗೇ ನಡೆಯಿತು. ಮತ್ತೆ ಬಿಟ್ಟೆ. ಮತ್ತೆ ಬಂತು. ಅಶಿಸ್ತು! ಮೂರನೇ ಸಲ ಅಲೆ ಎಳೆದುಕೊಂಡು ಹೋಯಿತು.

ಅಷ್ಟರಲ್ಲಿ ದಡದಲ್ಲಿ ಬೀಸುಬಲೆ ಹಿಡಿದು ನಿಂತಿದ್ದ ನೆರೆಮನೆಯ ಶೀನ ಓಡಿ ಬಂದ.

“ಹ್ವಾಯ್ ಮಾಷ್ಟ್ರೆ! ಬಾವಿ ಆಮಿ ಉಪ್ಪ್ ನೀರಂಗೆ ಬದ್ಕತ್ತಾ ಮಾರಾಯ್ರೆ?”

“ಪೇಪರಂಗೆ ಕಡ್ಲಿಗೇ ಬಿಟ್ಟಿರಲೆ!”

“ಅದ್ ಕಡಲಾಮಿ! ಅದ್ಕ್ ಈಜುಕೆ ರೆಕ್ಕಿ ಇತ್. ಇದ್ಕ್ ಇಪ್ದ್ ಕಾಲ್! ಶಾಲಿಯಂಗೆ ನೀವೇ ಅಲ್ದಾ ಹೇಳಿ ಕೊಟ್ಟದ್ದ್?”

ಪಂಚೆ ಎತ್ತಿ ಕಡಲಿಗಿಳಿದೆ. ಅಲೆ ನನ್ನನ್ನೂ ಮಗುಚಿತು. ಶೀನ ಬಲೆ ಬೀಸಿದ. ಸಿಕ್ಕಿದ್ದು ನನ್ನ ಚಪ್ಪಲಿ! ಎರಡನೇ ಸಲ ಬೀಸಿದಾಗ ಆಮೆ ಬಂತು, ಜೀವಂತ. ಜಲಜ ಕೈ ಮುಗಿದಳು. ನನಗಲ್ಲ, ಶೀನನಿಗೆ.

ಶೀನ ಹೇಳಿದಂತೆ ಹತ್ತೂವರೆಗೆ ಬಕೆಟ್ ಸಮೇತ ಅರಣ್ಯ ಇಲಾಖೆಯ ಕಚೇರಿಯಲ್ಲಿ ನಿಂತೆವು.

“ಸಾಕಿದ್ದು ಒಂದು ತಪ್ಪು. ನೀವೇ ಬಿಟ್ಟದ್ದು ಇನ್ನೊಂದು,” ಎಂದರು ಅಧಿಕಾರಿ. “ಮೊದಲು ನಮಗೆ ತಿಳಿಸಬೇಕು. ರೋಗ ಇದೆಯಾ ಅಂತ ವೈದ್ಯರು ನೋಡಬೇಕು. ಅದರ ಜಾತಿಯವು ಇರುವ ಜಾಗಕ್ಕೇ ಬಿಡಬೇಕು. ಎಲ್ಲ ಇವತ್ತಿನ ಪೇಪರಿನಲ್ಲಿದೆ. ಓದಲಿಲ್ವಾ ಸಾರ್?”

“ಅರ್ಧ,” ಎಂದೆ.

ಪುಣ್ಯಕ್ಕೆ ಎಚ್ಚರಿಕೆಯಲ್ಲೇ ಮುಗಿಸಿದರು. ತಪಾಸಣೆಯಾದ ಮೇಲೆ ಅಮಾಸೆಬೈಲು ಕಡೆಯ ಹಳ್ಳಕ್ಕೆ ಬಿಡುತ್ತಾರಂತೆ.

“ಅಲ್ಲಿ ಅನ್ನ ಯಾರ್ ಹಾಕ್ತ್ರ್?” ಜಲಜ ಕೇಳಿದಳು.

“ಅದೇ ಹುಡುಕಿ ತಿನ್ನುತ್ತೆ ಅಮ್ಮಾ.”

“ಹಾಂಗಾರೆ ಇವ್ರಿಗಿಂತ ಅಡ್ಡಿಲ್ಲೆ,” ಎಂದು ನನ್ನ ಕಡೆ ನೋಡಿ ಮೊದಲ ಬಾರಿಗೆ ನಕ್ಕಳು.

ಮನೆಗೆ ಬಂದು ಏಳನೇ ಪುಟವನ್ನು ಪೂರ್ತಿ ಓದಿದೆ. ಒಂದು ಗಂಟೆಗೆ ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಒಂದು ಹಿಡಿ ಅನ್ನ ಹೆಚ್ಚು.

“ಇದೆಂತ?”

“ಆಮಿ ಪಾಲಿಂದ್. ನೀವೇ ತಿನ್ನಿ.”

ತಿಂದೆ. ತಟ್ಟೆಯ ಸುತ್ತ ನಾಲ್ಕು ಅಗುಳು ಬಿದ್ದಿದ್ದವು. ಜಲಜ ನೋಡಿದಳು.

“ಆಮಿ ಇಷ್ಟ್ ಚೆಲ್ತಿರ್ಲಿಲ್ಲೆ.”

ನಾಲ್ಕನ್ನೂ ಹೆಕ್ಕಿ ತಿಂದೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.