ಕೋಡ್ ಬಾರದವಳು ಕಟ್ಟಿದ ಫ್ಲೋಗಳು

ನನ್ನ ಕೆಲಸದಲ್ಲಿ ತಪ್ಪನ್ನು ನಾನು ಒಂದು ಸಲ ಮಾಡಿದರೆ ಸಾಕು, ಮುಂದಿನದನ್ನು ಅದು ತಾನೇ ಮಾಡಿಕೊಂಡು ಹೋಗುತ್ತದೆ. ಅದಕ್ಕೇ ಇಂಥ ಪ್ರಸಂಗಗಳಿಗೆ ನನ್ನ ಬಳಿ ಬರಗಾಲವಿಲ್ಲ.

ಪುಣೆಯ ಖರಾಡಿಯಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಕೋಆರ್ಡಿನೇಟರ್. ವಿಜಯಪುರದಲ್ಲಿ ಬಿ.ಕಾಂ. ಮುಗಿಸಿ ಬಂದವಳು, ಕೋಡ್ ಬರೆಯಲು ಬರುವುದಿಲ್ಲ. ಇಂಜಿನಿಯರುಗಳು ಬರೆದ ಕೋಡನ್ನೆಲ್ಲ ಇಡುವ ಉಗ್ರಾಣಕ್ಕೆ ರೆಪೊ ಅನ್ನುತ್ತಾರೆ. ಅಲ್ಲಿ ಏನಾದರೂ ಬದಲಾದರೆ ಆಫೀಸಿನ ಚಾಟ್ ಗ್ರೂಪಿಗೆ ತಿಳಿಸುವುದು, ಗ್ರೂಪಿನಲ್ಲಿ ಯಾರಾದರೂ ದೂರು ಹೇಳಿದರೆ ಅದನ್ನು ರೆಪೊದಲ್ಲಿ ಟಿಕೆಟ್ ಮಾಡಿ ದಾಖಲಿಸುವುದು, ಇದು ನನ್ನ ಕೆಲಸ. ಮೊದಲೆಲ್ಲ ಕೈಯಾರೆ ಮಾಡುತ್ತಿದ್ದೆ. ಪ್ರತಿಯೊಂದಕ್ಕೂ ಯಾರಿಗಾದರೂ ಫೋನ್ ಹಚ್ಚಬೇಕು. ಆ ನೆಪದಲ್ಲಿ ನಾಲ್ಕು ಮಾತು ಆಗುತ್ತಿತ್ತು. ಈಗ ಕೋಡ್ ಬರೆಯದೆ ಎರಡನ್ನೂ ಜೋಡಿಸುವ ಸಾಧನ ಬಂದಿದೆ. ಪರದೆಯ ಮೇಲೆ ಎರಡು ಚೌಕ ಇಟ್ಟು ನಡುವೆ ಗೆರೆ ಎಳೆದರೆ, 'ಇಲ್ಲಿ ಹೀಗಾದರೆ ಅಲ್ಲಿ ಹಾಗೆ ಮಾಡು' ಎಂಬ ಫ್ಲೋ ತಯಾರು. ಕೆಲಸ ಹಗುರಾಯಿತು. ಮಾತೂ ಹೋಯಿತು.

ಟೀಮಿನವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾನೂ ಮಾಡಬಹುದು. ಆದರೆ ಕೊಂಢವಾದಲ್ಲಿ ನನ್ನದು ಒಂದೇ ಕೋಣೆಯ ಮನೆ; ಅಲ್ಲಿ ಫ್ರಿಜ್ ಬಿಟ್ಟರೆ ಸದ್ದು ಮಾಡುವವರಿಲ್ಲ. ಹಾಗಾಗಿ ದಿನಾ ಬಸ್ಸು ಹಿಡಿದು, ನಲವತ್ತು ಖಾಲಿ ಕುರ್ಚಿಗಳ ನಡುವೆ ಹೋಗಿ ಕೂರುತ್ತೇನೆ.

೧. ಊಟದ ಪ್ರಶ್ನೆ

ಆ ಸಾಧನ ಕೈಗೆ ಬಂದ ಮೊದಲ ದಿನ ಎರಡು ಫ್ಲೋ ಕಟ್ಟಿದೆ. ಒಂದು: ರೆಪೊದಲ್ಲಿ ಹೊಸ ಟಿಕೆಟ್ ಬಂದರೆ ಗ್ರೂಪಿಗೆ ಸಂದೇಶ ಹಾಕು. ಎರಡು: ಗ್ರೂಪಿನಲ್ಲಿ ಸಂದೇಶ ಬಂದರೆ ರೆಪೊದಲ್ಲಿ ಟಿಕೆಟ್ ಮಾಡು. ಜಾಣರಿಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ.

ಪರೀಕ್ಷೆ ಮಾಡಲು ಗ್ರೂಪಿನಲ್ಲಿ ಏನಾದರೂ ಬರೆಯಬೇಕಿತ್ತು. ಮಧ್ಯಾಹ್ನ ಒಂದು ಗಂಟೆ, ಎದುರಿಗೆ ಡಬ್ಬಿ ಬಿಚ್ಚಿಟ್ಟುಕೊಂಡಿದ್ದೆ. "ಜೇವಲಾತ್ ಕಾ ಸಗಳೇ?" ಎಂದು ಮರಾಠಿಯಲ್ಲಿ ಬರೆದೆ, ಎಲ್ಲರದೂ ಊಟ ಆಯಿತೇ ಎಂದು. ಬರೆದು ರೊಟ್ಟಿ ಮುರಿದೆ. ಫೋನು ಗುರ್ ಅಂದಿತು. ಮತ್ತೆ ಗುರ್. ಬಿಟ್ಟೂಬಿಡದೆ ಗುರ್. ಇಷ್ಟು ಜನ ಉತ್ತರ ಕೊಡುತ್ತಿದ್ದಾರಲ್ಲ ಎಂದು ನನಗೆ ಖುಷಿಯೋ ಖುಷಿ. ಅವಸರ ಬೇಡ, ಊಟ ಮುಗಿಸಿ ಒಂದೊಂದಾಗಿ ಓದೋಣ ಎಂದು ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ನಿಧಾನವಾಗಿ ಉಂಡೆ.

ಕೈ ತೊಳೆದು ನೋಡಿದರೆ ಅಷ್ಟೂ ನನ್ನದೇ ಪ್ರಶ್ನೆ. ಸಂದೇಶ ಟಿಕೆಟ್ಟಾಗಿ, ಟಿಕೆಟ್ಟು ಸಂದೇಶವಾಗಿ, ಮತ್ತೆ ಟಿಕೆಟ್ಟಾಗಿ, ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಫೋನುಗಳು ಎಲ್ಲರ ಊಟ ವಿಚಾರಿಸುತ್ತಿದ್ದವು. ಮ್ಯಾನೇಜರು ಫೋನ್ ಮಾಡಿ, "ತಾಈ, ಬಂದ್ ಕರಾ!" ಎಂದು ಕೂಗಿದರು. ತಾಈ ಅಂದರೆ ಮರಾಠಿಯಲ್ಲಿ ಅಕ್ಕ. ನಿಲ್ಲಿಸುವಷ್ಟರಲ್ಲಿ ಗ್ರೂಪಿನಲ್ಲಿ ಒಬ್ಬೊಬ್ಬರೇ ಶರಣಾಗತೊಡಗಿದರು. "ಆಯಿತು." "ಆಯಿತು ತಾಈ." ಕೊನೆಗೆ ಒಬ್ಬರು, "ಊಟ ಆಗಿದೆ, ತಾಯಿ ಆಣೆಗೂ ಆಗಿದೆ, ಬೇಕಾದರೆ ತಟ್ಟೆಯ ಫೋಟೊ ಕಳಿಸುತ್ತೇನೆ!"

ಎರಡು ವರ್ಷದಲ್ಲಿ ಮೊದಲ ಸಲ ನನ್ನ ಪ್ರಶ್ನೆಗೆ ಇಡೀ ಟೀಮು ಉತ್ತರ ಕೊಟ್ಟಿತ್ತು.

೨. ಮಳೆಯ ಟಿಕೆಟ್

ಅದಾದ ಮೇಲೆ ಮ್ಯಾನೇಜರು, "ಎಲ್ಲ ಸಂದೇಶಕ್ಕೂ ಬೇಡ, 'ಬಗ್' ಎಂಬ ಶಬ್ದ ಇದ್ದರೆ ಮಾತ್ರ ಟಿಕೆಟ್ ಆಗಲಿ" ಎಂದರು. ಬಗ್ ಅಂದರೆ ಕೋಡಿನ ದೋಷ. ನಮ್ಮವರ ಇಂಗ್ಲಿಷ್ ಸ್ಪೆಲ್ಲಿಂಗು ಭಗವಂತನಿಗೇ ಪ್ರೀತಿ; ಒಬ್ಬರು ನಡುವೆ 'ಯು' ಹಾಕಿದರೆ ಇನ್ನೊಬ್ಬರು 'ಎ' ಹಾಕುತ್ತಾರೆ. ಇರಲಿ ಎಂದು ಎರಡನ್ನೂ ಫ್ಲೋದಲ್ಲಿ ಸೇರಿಸಿದೆ.

ಮರಾಠಿಯಲ್ಲಿ 'ಬಘ್' ಅಂದರೆ ನೋಡು. ಅವಸರದಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟುವಾಗ ಕೊನೆಯ 'ಎಚ್' ಬಿಟ್ಟುಹೋಗುತ್ತದೆ. ಮಾತಿಗೆ ಮೊದಲು 'ಬಘ್' ಅನ್ನದ ಪುಣೆಯವರು ಯಾರಿದ್ದಾರೆ? ಖರಾಡಿಯಲ್ಲೇ ಇರುವ ನಮ್ಮ ಟೆಸ್ಟರ್ ಒಬ್ಬಳು ಖುಷಿಯಿಂದ, "ಬಘ್ ನಾ, ಪಾಊಸ್ ಆಲಾ!" ಎಂದು ಬರೆದಳು. ನೋಡು, ಮಳೆ ಬಂತು ಎಂದು. ಫ್ಲೋ ಅದನ್ನು ದೋಷವೆಂದು ದಾಖಲಿಸಿ, ಸರದಿಯಂತೆ ಬೆಂಗಳೂರಿನಿಂದ ಹೊಸದಾಗಿ ಬಂದ ಇಂಜಿನಿಯರಿಗೆ ಒಪ್ಪಿಸಿತು. ಅವರಿಗೆ ಮರಾಠಿ ಬಾರದು. ಅನುವಾದ ಮಾಡಿಸಿ ಓದಿಕೊಂಡು ನನಗೆ ಫೋನ್ ಮಾಡಿದರು.

"ಮೇಡಂ, ಮಳೆ ಬಂತು ಅಂತ ಟಿಕೆಟ್ ಬಂದಿದೆ. ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಕ್ಲೋಸ್ ಮಾಡ್ರಿ."

"ಕಾರಣ ಬರೀದೆ ಕ್ಲೋಸ್ ಆಗಲ್ಲ ಮೇಡಂ."

"ಹಂಗಾರ ಏನರೆ ಬರೀರಿ."

ಅಷ್ಟಕ್ಕೆ ಫೋನ್ ಇಡಲಿಲ್ಲ. ಅವರು ಕನ್ನಡ ಮಾತಾಡಿ ವಾರವಾಗಿತ್ತಂತೆ. ಇಲ್ಲಿ ಒಳ್ಳೆಯ ಇಡ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇಡ್ಲಿ ನನಗೆ ಗೊತ್ತಿಲ್ಲ, ರೊಟ್ಟಿ ಬೇಕಾದರೆ ಹೇಳಿ ಎಂದೆ. ಇಪ್ಪತ್ತು ನಿಮಿಷ ಹೋದದ್ದು ತಿಳಿಯಲಿಲ್ಲ. ಆ 'ಎ' ತೆಗೆಯಲು ಎರಡು ನಿಮಿಷ ಸಾಕಿತ್ತು. ನಾನು ಎರಡು ದಿನ ತೆಗೆದುಕೊಂಡೆ. ಆ ಎರಡು ದಿನದಲ್ಲಿ ಅವರು ಇನ್ನೂ ಮೂರು ಸಲ ಫೋನ್ ಮಾಡಿದರು.

ಮಳೆಯ ಟಿಕೆಟ್ಟಿಗೆ ಅವರು ಬರೆದ ಕಾರಣ ಇವತ್ತಿಗೂ ರೆಪೊದಲ್ಲಿದೆ: "ಬಾಲ್ಕನಿಗೆ ಹೋಗಿ ಪರೀಕ್ಷಿಸಿದೆ. ನನ್ನ ಕಡೆ ಈ ಸಮಸ್ಯೆ ಕಾಣಿಸುತ್ತಿಲ್ಲ."

೩. ದೊಡ್ಡವ್ವ ಹಲೋ ಅಂದಳು

ಹೊಸ ಕೋಡು ಗಿರಾಕಿಗಳಿಗೆ ಹೋಗುವ ಮುಂಚೆ ಮನುಷ್ಯರೊಬ್ಬರು ಒಪ್ಪಿಗೆ ಕೊಡಬೇಕೆಂದು ನಿಯಮ ಬಂತು. ಆ ಒಬ್ಬಳು ನಾನೇ. ಫೋನಿನಲ್ಲಿ ಸಂದೇಶ ಬರುತ್ತದೆ, ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಏನೇನು ಬದಲಾಗಿದೆ ಎಂಬ ಪಟ್ಟಿ ಓದಿ, ಎಲ್ಲ ಸರಿಯಿದ್ದರೆ ಹಸಿರು ಒತ್ತಬೇಕು. ನಾನು ಎರಡೆರಡು ಸಲ ಓದುವವಳು, ಮಧ್ಯಾಹ್ನ ಬಂದದ್ದಕ್ಕೆ ಸಂಜೆ ಒಪ್ಪಿಗೆ.

ಒಂದು ಶನಿವಾರ ಸೋಲಾಪುರದ ದೊಡ್ಡವ್ವನ ಮನೆಗೆ ಹೋಗಿದ್ದೆ. ಫೋನನ್ನು ಚಾರ್ಜಿಗೆ ಇಟ್ಟು ಸ್ನಾನಕ್ಕೆ ಹೋಗಿ ಬಂದರೆ ದೊಡ್ಡವ್ವ ಸಿಟ್ಟಿನಲ್ಲಿ ಕೂತಿದ್ದಳು.

"ಯಾರವ್ವಾ ಅವರು, ಮೂರು ಸಲಾ ಫೋನ್ ಮಾಡ್ಯಾರ, ಒಂದ್ ಮಾತಿಲ್ಲ ಕತಿಯಿಲ್ಲ!"

"ನೀ ಏನ್ ಮಾಡಿದಿ?"

"ಏನ್ ಮಾಡ್ಲಿ? ಕೆಂಪು ಒತ್ತಿದ್ರ ಕಟ್ ಆಗ್ತದ ಅಂತ ನನಗ ಗೊತ್ತಿಲ್ಲೇನು? ಹಸರು ಒತ್ತಿ ಹಲೋ ಅಂದೆ. ಮೂರೂ ಸಲಾ ಹಲೋ ಅಂದೆ."

ಫೋನು ಕಿತ್ತುಕೊಂಡು ನೋಡಿದರೆ ಅವು ಒಪ್ಪಿಗೆಯ ಸಂದೇಶಗಳು. ಮೂರು ಕೋಡು ಗಿರಾಕಿಗಳ ಕೈಗೆ ಹೋಗಿಯಾಗಿತ್ತು. ಒದ್ದೆ ಕೂದಲಲ್ಲೇ ಕೂತು ಪಟ್ಟಿ ಓದಿದೆ. ದೇವರ ದಯೆ, ಮೂರೂ ಸರಿಯಿದ್ದವು. ಅಷ್ಟರಲ್ಲಿ ಮ್ಯಾನೇಜರ ಫೋನು ಬಂತು. ನೌಕರಿ ಹೋಯಿತು ಅಂದುಕೊಂಡು ಎತ್ತಿದೆ.

"ವಾಹ್ ತಾಈ! ಇವತ್ತು ಎಷ್ಟು ಲಗೂನೆ ಒಪ್ಪಿಗೆ ಕೊಟ್ಟಿರಿ! ದಿನಾ ಹೀಗೇ ಮಾಡಿ."

ನಾನು ಹೂಂ ಅಂದೆ. ಫೋನ್ ಇಟ್ಟ ಮೇಲೆ ದೊಡ್ಡವ್ವ ಕೇಳಿದಳು, "ಇವರೇ ಏನು? ನಿನ್ನ ಕೂಡ ಮಾತಾಡ್ತಾರ, ನನ್ನ ಕೂಡ ಯಾಕ ಮಾತಾಡಲಿಲ್ಲ?"

೪. ಜ್ವರದ ಪ್ರಶಸ್ತಿಪತ್ರ

ದಿನಾ ಬೆಳಿಗ್ಗೆ ಗ್ರೂಪಿಗೆ ಒಂದು ವರದಿ ಹಾಕಬೇಕು. 'ಶುಭೋದಯ. ನಿನ್ನೆ ರೆಪೊಗೆ ಇಷ್ಟು ಕೋಡ್ ಸೇರಿತು, ಇಷ್ಟು ಟಿಕೆಟ್ ಮುಗಿದವು.' ಅದಕ್ಕೂ ಒಂದು ಫ್ಲೋ ಕಟ್ಟಿದೆ, ನನ್ನ ಹೆಸರಲ್ಲೇ. ಸಂಜೆಗೆ ಇನ್ನೊಂದು: 'ಇವತ್ತು ದುಡಿದ ಎಲ್ಲರಿಗೂ ಧನ್ಯವಾದ.' ಯಾರಾದರೂ ಹೆಬ್ಬೆರಳು ತೋರಿಸಿದರೆ ನಗುಮುಖ ಕಳಿಸಲು ಮತ್ತೊಂದು.

ಕಳೆದ ಮಳೆಗಾಲದಲ್ಲಿ, ಆ ಒಪ್ಪಿಗೆಯ ಗುಂಡಿಗಳು ಬರುವ ಮುಂಚೆ, ನನಗೆ ಚಿಕುನ್‌ಗುನ್ಯಾ ಬಂತು. ಕೀಲು ಕೀಲೂ ಹಿಡಿದು, ಫೋನ್ ಎತ್ತಲೂ ಬೆರಳು ಬಾಗುತ್ತಿರಲಿಲ್ಲ. ಆಫೀಸಿನವರೇ ಕೇಳುತ್ತಾರೆ, ಆಗ ಹೇಳಿದರಾಯಿತು ಎಂದು ಮಲಗಿದೆ. ಒಂದು ದಿನವಾಯಿತು, ಎರಡಾಯಿತು. ನಾಲ್ಕನೆಯ ದಿನ ಹೇಗೋ ಫೋನ್ ತೆರೆದು ನೋಡಿದರೆ ನಾನು ಗ್ರೂಪಿನಲ್ಲಿ ಆರಾಮಾಗಿದ್ದೆ. ಬೆಳಿಗ್ಗೆ ಶುಭೋದಯ ಹೇಳಿದ್ದೆ, ಸಂಜೆ ಧನ್ಯವಾದ ಹೇಳಿದ್ದೆ, ಹೆಬ್ಬೆರಳು ತೋರಿಸಿದವರಿಗೆಲ್ಲ ನಕ್ಕಿದ್ದೆ. 'ನನಗೆ ಜ್ವರ' ಎಂದು ಎರಡು ಶಬ್ದ ಬರೆಯಬಹುದಿತ್ತು. ಬರೆಯಲಿಲ್ಲ. ಯಾರು ಕೇಳುತ್ತಾರೋ ನೋಡೇಬಿಡೋಣ ಎಂಬ ಹಟ. ಯಾರೂ ಕೇಳಲಿಲ್ಲ. ಅತ್ತೆ. ಅತ್ತರೆ ತಲೆನೋವು ಹೆಚ್ಚಾಗುತ್ತಿತ್ತು, ಅದನ್ನೂ ಬಿಟ್ಟೆ.

ಐದನೆಯ ದಿನ ಬಾಗಿಲು ಬಡಿದ ಸದ್ದು. ಗೋಡೆ ಹಿಡಿದು ಹೋಗಿ ತೆಗೆದರೆ ನಮ್ಮ ಆಫೀಸಿನ ಕಸ ಗುಡಿಸುವ ಬಾಯಿ; ಕೆಲಸದ ಹೆಂಗಸಿಗೆ ಪುಣೆಯಲ್ಲಿ ಬಾಯಿ ಅನ್ನುತ್ತಾರೆ. ಯಾದಗಿರಿ ಕಡೆಯವಳು, ಗಂಡ ಕೊಂಢವಾದಲ್ಲೇ ಒಂದು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಒಮ್ಮೆ ಹಳೆಯ ಸೀರೆ ಒಯ್ಯಲು ಬಂದಿದ್ದರಿಂದ ನನ್ನ ಮನೆ ಅವಳಿಗೆ ಗೊತ್ತಿತ್ತು.

"ಅಕ್ಕಾರ, ನಿಮ್ಮ ಚಾದ ಕಪ್ಪು ಐದು ದಿವಸದಿಂದ ನಾ ತೊಳದಿಟ್ಟಂಗಽ ಅದರಿ. ಅದಕ್ಕಽ ಬಂದೆ," ಅಂದಳು. ಹಣೆ ಮುಟ್ಟಿ ನೋಡಿ, ಮತ್ತೇನೂ ಕೇಳದೆ ಒಲೆ ಹಚ್ಚಿ ಗಂಜಿಗೆ ಇಟ್ಟಳು. ಮುಂದೆ ನಾಲ್ಕು ದಿನ, ಕೆಲಸ ಮುಗಿಸಿ ಹೋಗುವಾಗ ಬಂದು ಗಂಜಿ ಕಾಸಿಟ್ಟು ಹೋದಳು.

ಹತ್ತನೆಯ ದಿನ ಆಫೀಸಿಗೆ ಹೋದೆ. ಅವತ್ತು ವಿಡಿಯೊ ಮೀಟಿಂಗು. ಮ್ಯಾನೇಜರು, "ಟೀಮಿನಲ್ಲಿ ಒಬ್ಬರಿದ್ದಾರೆ, ಈ ತಿಂಗಳು ಒಂದು ದಿನವೂ ತಪ್ಪಿಸಿಲ್ಲ, ಭಾನುವಾರವೂ ಶುಭೋದಯ ಹೇಳಿದ್ದಾರೆ!" ಎಂದು ನನ್ನ ಹೆಸರು ಕರೆದರು. ನಿಜ ಹೇಳಿಬಿಡಬೇಕೆಂದು, "ಸರ್, ನಾನು ಇರಲೇ ಇಲ್ಲ" ಎಂದೆ. ಮೈಕು ಬಂದ್ ಆಗಿತ್ತು. ಅದನ್ನು ಹಚ್ಚುವಷ್ಟರಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿ ಹೊರಟುಹೋಗಿದ್ದರು.

ವಾರದ ಮೇಲೆ ದಪ್ಪ ಕಾಗದದ ಪ್ರಶಸ್ತಿಪತ್ರ ಬಂತು. ತೋರಿಸಲು ಬೇರೆ ಯಾರಿದ್ದರು? ಬಾಯಿಯ ಹತ್ತಿರ ಒಯ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಬದಿ ತಿರುವಿ ನೋಡಿ, "ಏನ್ ಬರದಾರ್ರಿ ಇದರಾಗ?" ಎಂದಳು.

"ನಾ ಜ್ವರ ಬಂದು ಮಲಗಿದ್ನಲ್ಲ, ಆ ದಿನಾ ಭಾಳ ಛಲೋ ಕೆಲಸ ಮಾಡೇನಂತ."

ಅವಳು ಪತ್ರವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಮನ್ಯಾಗ ಮಲ್ಕೊಂಡು ಇಷ್ಟು ಮಾಡೀರಿ. ಹಂಗಾರ ಅಕ್ಕಾರ, ಆರಾಮ ಇದ್ದಾಗ ನೀವು ದಿನಾ ಇಲ್ಲಿ ಬಂದು ಏನ್ ಮಾಡ್ತೀರಿ?"