ಗಾಜಿನ ಬೀರುವಿನೊಳಗಿನ ಟೋರಸ್

ನನಗೆ ಮೂಲವ್ಯಾಧಿ ಇದೆ. ಇದನ್ನೀಗ ಇಷ್ಟು ಸಲೀಸಾಗಿ ಬರೆಯುತ್ತಿರುವ ನಾನು, ಹೋದ ವರ್ಷ ಇದನ್ನು ಮುಚ್ಚಿಡಲು ಒಂದಿಡೀ ಶಾಲೆಗೆ ಸುಳ್ಳು ಹೇಳಿದ್ದೆ. ತಲೆನೋವು ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಈ ಕಾಯಿಲೆಯ ಹೆಸರೆತ್ತಿದರೆ ಮುಖ ಆಚೆ ತಿರುಗಿಸಿ ನಗುತ್ತಾರೆ. ಒಂದು ಕಾಲದಲ್ಲಿ ನಾನೂ ನಕ್ಕವನೇ.

ಊಟಿಯ ಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮ ಸ್ಟಾಫ್ ರೂಮಿನ ಮರದ ಕುರ್ಚಿಗಳು ಡಿಸೆಂಬರಿನಲ್ಲಿ ಕಲ್ಲಿನಂತಾಗುತ್ತವೆ. ಡಾಕ್ಟರು ನಡುವೆ ತೂತಿರುವ, ಗಾಳಿ ತುಂಬುವ ರಬ್ಬರ್ ದಿಂಬು ಬರೆದುಕೊಟ್ಟರು. ತಂದ ದಿನವೇ ಹೆಡ್‌ಮಿಸ್ ಎದುರಾದರು. "ಏನ್ ಸಾರ್ ಇದು?"

"ಟೋರಸ್ ಮೇಡಂ," ಎಂದುಬಿಟ್ಟೆ. "ಒಂದು ವೃತ್ತವನ್ನ, ಅದಕ್ಕೆ ತಾಗದ ಹಾಗೆ ಪಕ್ಕದಲ್ಲಿರೋ ಗೆರೆಯ ಸುತ್ತ ತಿರುಗಿಸಿದರೆ ಸಿಗೋ ಆಕಾರ. ಉದ್ದಿನ ವಡೆ, ಟೈರಿನ ಟ್ಯೂಬು, ಎಲ್ಲಾ ಇದೇ. ಮಕ್ಕಳಿಗೆ ತೋರಿಸೋಣ ಅಂತ ತಂದೆ." ಕೊನೆಯ ವಾಕ್ಯ ಬಿಟ್ಟರೆ ಒಂದಕ್ಷರವೂ ಸುಳ್ಳಲ್ಲ.

ಅವರು ದಿಂಬನ್ನು ಗಾಜಿನ ಬೀರುವಿನಲ್ಲಿಡಿಸಿ ಬೀಗ ಹಾಕಿಸಿದರು. ಕೆಳಗೊಂದು ಚೀಟಿ, ಅದರಲ್ಲಿ ದಾನಿಯಾಗಿ ನನ್ನ ಹೆಸರು. ಇನ್ನೊಂದು ಕೊಳ್ಳಬಹುದಿತ್ತು; ಎರಡನೇ ಟೋರಸ್ ಯಾಕೆ ಎಂದು ಕೇಳಿದರೆ ಹೇಳುವಷ್ಟು ಗಣಿತ ನನ್ನಲ್ಲಿರಲಿಲ್ಲ. ಮೂರು ದಿನ ನಿಂತೇ ಪಾಠ ಮಾಡಿದೆ, ನಿಂತೇ ನೋಟ್ಸ್ ತಿದ್ದಿದೆ, ನಿಂತೇ ಉಂಡೆ. ಈ ಶ್ರದ್ಧೆಯನ್ನು ಹೆಡ್‌ಮಿಸ್ ಅಸೆಂಬ್ಲಿಯಲ್ಲಿ ಹೊಗಳಿದರು. ನನಗೆ ಅಳು ಬರುವುದೊಂದು ಬಾಕಿ.

ನಾಲ್ಕನೇ ದಿನ ಆಯಾ ಮಾದಿಯಮ್ಮ ಬಂದರು. ಇಲ್ಲಿನ ಬೆಟ್ಟದ ಬಡಗ ಜನರ ಹಟ್ಟಿಯವರು. ಬೆಳಗ್ಗೆ ತಮ್ಮ ತುಂಡು ತೋಟದಲ್ಲಿ ಟೀ ಎಲೆ ಕಿತ್ತು, ಗಂಟನ್ನು ತಲೆ ಮೇಲೆ ಹೊತ್ತು, ಎಲೆ ಒಯ್ಯಲು ಬರುವ ಫ್ಯಾಕ್ಟರಿಯ ಲೀಫ್ ಲಾರಿಗೆ ಹಾಕಿ, ಆಮೇಲೆ ಶಾಲೆಗೆ ಬರುವವರು. ಹೊರೆಯ ಕೆಳಗೆ ತಲೆಗಿಡಲು ಬಟ್ಟೆಯನ್ನು ಬಳೆಯಂತೆ ಸುತ್ತಿ ಮಾಡುವ ಸಿಂಬೆಯೊಂದನ್ನು ಚೀಲದಿಂದ ತೆಗೆದು ನನ್ನ ಕುರ್ಚಿಯ ಮೇಲಿಟ್ಟರು.

"ಕೂತ್ಕೊಳ್ಳಿ ಸಾರ್. ಹೊಸಾ ಬಟ್ಟೇಲಿ ಸುತ್ತಿದೀನಿ. ನಮ್ಮ ಮನೆಯವರಿಗೂ ಇದೇ ತೊಂದ್ರೆ ಇತ್ತು."

ಕೂತೆ. ಆಹಾ! ಕಣ್ಣು ತುಂಬಿ ಬಂತು. "ಯಾರ್ಯಾರಿಗೆ ಗೊತ್ತಮ್ಮಾ?" ಎಂದೆ.

"ಎಲ್ಲಾರಿಗೂ ಗೊತ್ತು ಸಾರ್. ಹೆಡ್‌ಮಿಸ್‌ಗೂ."

"ಮತ್ಯಾಕೆ ಬೀಗ ಹಾಕಿಸಿದ್ರು?"

"ನೀವು ಅಷ್ಟುದ್ದ ಹೇಳಿದ ಮೇಲೆ ಅವರಾದ್ರೂ ಏನ್ ಮಾಡ್ತಾರೆ, ಪಾಪ!"

ಇಷ್ಟಾದರೂ ಮಧ್ಯಾಹ್ನ ಆ ಸಿಂಬೆಯನ್ನು ಶಾಲಿನಲ್ಲಿ ಬಚ್ಚಿಟ್ಟುಕೊಂಡೇ ಒಂಬತ್ತನೇ ಕ್ಲಾಸಿಗೆ ಹೋದೆ. ಟೋರಸ್‌ನ ಚಿತ್ರ ಬರೆದೆ, ಅರ್ಥ ವಿವರಿಸಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಇದರ ಉಪಯೋಗ ಏನು?" ಎಂದಳು.

"ಅದು ಪರೀಕ್ಷೆಗೆ ಬರಲ್ಲ, ಕೂತ್ಕೋಮ್ಮಾ," ಎಂದು ಹೇಳಿ, ಶಾಲಿನ ಸಮೇತ ಸಿಂಬೆಯನ್ನು ಕುರ್ಚಿಯ ಮೇಲಿಟ್ಟು ನಾನೂ ಕೂತೆ.